ರೋಮಿನಲ್ಲಿ ಟಿಕೆಟ್ಟಿಲ್ಲದ ಬಾಗಿಲುಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿತು. ವಿಮಾನ, ವೀಸಾ, ತಂಗುವ ಕೋಣೆ ಇವಕ್ಕೆಲ್ಲ ಹಣ ಹೊಂದಿಸಿದ ಮೇಲೆ, ರೋಮಿನ ಪ್ರೇಕ್ಷಣೀಯ ಸ್ಥಳಗಳ ಪ್ರವೇಶ ಶುಲ್ಕವನ್ನು ಇಬ್ಬರಿಗೂ ಕೂಡಿಸಿ ರೂಪಾಯಿಗೆ ಲೆಕ್ಕ ಹಾಕಿದಾಗ ನಿನಗೂ ಅತ್ತಿಗೆಯವರಿಗೂ ಗಾಬರಿಯಾಯಿತೆಂದು ಬರೆದಿದ್ದೀಯೆ. ‘ದುಡ್ಡು ಕೊಡದೆ ನೋಡಬಹುದಾದದ್ದನ್ನಷ್ಟೇ ನೋಡಿಕೊಂಡು ಬಂದರೆ, ಅಷ್ಟು ದೂರ ಹೋಗಿಯೂ ಮುಖ್ಯವಾದುದನ್ನು ಬಿಟ್ಟು ಬಂದ ಹಾಗಾಗುವುದಿಲ್ಲವೇ?’ ಎಂಬ ನಿನ್ನ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಖಂಡಿತ ಆಗುವುದಿಲ್ಲ. ಯುರೋಪಿನ ಬೇರೆ ರಾಜಧಾನಿಗಳ ವಿಷಯದಲ್ಲಿ ಈ ಮಾತನ್ನು ಇಷ್ಟು ಧೈರ್ಯವಾಗಿ ಆಡಲಾರೆ. ಇಲ್ಲಿಗೆ ಬಂದು ನೆಲೆಸಿದ ಮೇಲೆ ನಾನು ಮತ್ತೆ ಮತ್ತೆ ಹೋಗಿ ನೋಡುವ ಜಾಗಗಳಲ್ಲಿ ಹೆಚ್ಚಿನವಕ್ಕೆ ಟಿಕೆಟ್ಟೇ ಇಲ್ಲ. ಅವು ಟಿಕೆಟ್ಟಿರುವ ಜಾಗಗಳಿಗಿಂತ ಯಾವ ರೀತಿಯಲ್ಲೂ ಕಡಿಮೆಯವಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಅದಕ್ಕೊಂದು ಕಾರಣವಿದೆ. ಪ್ಯಾರಿಸ್, ಲಂಡನ್, ವಿಯೆನ್ನಾ ನಗರಗಳಲ್ಲಿ ಹಿಂದಿನ ಕಾಲದ ದೊಡ್ಡ ಕಲಾವಿದರ ಕೃತಿಗಳು ಬಹುಮಟ್ಟಿಗೆ ವಸ್ತುಸಂಗ್ರಹಾಲಯಗಳಲ್ಲಿವೆ; ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಮನೆತನಗಳಿಂದ ಬಂದು ಸಾಲಾಗಿ ತೂಗಿಕೊಂಡಿವೆ. ರೋಮಿನಲ್ಲಿಯೂ ಅಂಥ ಸಂಗ್ರಹಾಲಯಗಳು ಇಲ್ಲದಿಲ್ಲ. ಆದರೆ 16 ಮತ್ತು 17ನೆಯ ಶತಮಾನದ ಶ್ರೇಷ್ಠ ಕೃತಿಗಳಲ್ಲಿ ಅನೇಕವು, ಯಾವ ಗೋಡೆಗೆಂದು ಹುಟ್ಟಿದವೋ ಅದೇ ಗೋಡೆಯ ಮೇಲೆ ಇಂದಿಗೂ ಇವೆ. ಆ ಗೋಡೆಗಳು ಚರ್ಚುಗಳವು. ದಿನವೂ ಬಲಿಪೂಜೆ (ಕ್ರೈಸ್ತರ ಮುಖ್ಯ ಆರಾಧನೆ) ನಡೆಯುವ, ಬೀದಿಯವರು ಮೊಂಬತ್ತಿ ಹಚ್ಚಲು ಬಂದು ಹೋಗುವ ಚರ್ಚುಗಳಾದ್ದರಿಂದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ನಮಗೂ ತೆರೆದಿರುತ್ತದೆ. 1870ರಲ್ಲಿ ರೋಮ್ ಇಟಲಿ ರಾಜ್ಯಕ್ಕೆ ಸೇರಿದ ಮೇಲೆ ಕ್ರೈಸ್ತ ಮಠಗಳ ಆಸ್ತಿ ಸರ್ಕಾರದ ವಶಕ್ಕೆ ಬಂದಿತು. ಹಾಗಾಗಿ ಇವುಗಳಲ್ಲಿ ಹಲವು ಚರ್ಚುಗಳ ಒಡೆತನ ಇಂದು ಗೃಹ ಸಚಿವಾಲಯದ ಒಂದು ನಿಧಿಗೆ ಸೇರಿದೆ. ಒಡೆತನ ಯಾರದಾದರೂ ಒಳಗಿನ ಪೂಜೆ ನಿಂತಿಲ್ಲ, ಕೃತಿಗಳೂ ಜಾಗ ಬಿಟ್ಟು ಕದಲಿಲ್ಲ. ಹಾಸನದವನಾದ ನಿನಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಲೂರಿನ ಮದನಿಕೆಯರನ್ನು ಕತ್ತೆತ್ತಿ ನೋಡುವಾಗ ಸೂರಿನ ನೆರಳು, ಒಳಗಿನ ಮಂಗಳಾರತಿಯ ಗಂಟೆ, ಕಾಲಡಿಯ ಕಾದ ಕಲ್ಲು ಇವೆಲ್ಲ ಆ ಶಿಲ್ಪದ ಜೊತೆಗೇ ನಮ್ಮೊಳಗೆ ಇಳಿಯುತ್ತವೆ. ಅದೇ ಶಿಲ್ಪವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿ ತೋರಿಸಿದರೆ ಕೆತ್ತನೆ ಇನ್ನಷ್ಟು ಸ್ಪಷ್ಟವಾಗಿ ಕಂಡೀತು, ಆದರೆ ಉಳಿದುದೆಲ್ಲ ಹೊರಗೇ ಉಳಿದುಹೋಗುತ್ತದೆ.

ನೀನು ಚಿತ್ರಕಲೆ ಕಲಿಸುವವನಾದ್ದರಿಂದ ಮೊದಲು ಕರೆದುಕೊಂಡು ಹೋಗಬೇಕೆಂದಿರುವುದು ಪಿಯಾತ್ಸಾ ನವೋನದ ಪಕ್ಕದ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಎಂಬ ಚರ್ಚಿಗೆ. ಇದು ರೋಮಿನಲ್ಲಿರುವ ಫ್ರೆಂಚರ ಚರ್ಚು. ಒಳಗೆ ಎಡಗಡೆಯ ಸಾಲಿನಲ್ಲಿ, ಪೂಜೆ ನಡೆಯುವ ಮುಖ್ಯ ಬಲಿಪೀಠಕ್ಕೆ ಹತ್ತಿರವಾಗಿ, ಕೊಂತರೆಲ್ಲಿ ಚಾಪೆಲ್ ಎಂಬ ಸಣ್ಣ ಅಂಕಣವಿದೆ. ಅದರ ಮೂರು ಗೋಡೆಗಳ ಮೇಲೆ ಇಟಲಿಯ ಚಿತ್ರಕಾರ ಕಾರವಾಜೊ ಬರೆದ, ಸಂತ ಮತ್ತಾಯನ ಬದುಕಿನ ಮೂರು ಚಿತ್ರಗಳಿವೆ. ಪಕ್ಕದ ಎರಡು ಗೋಡೆಗಳವು 1600ರಲ್ಲಿ ಸಿದ್ಧವಾದವು, ನಡುವಿನದು 1602ರಲ್ಲಿ. ಕಾರವಾಜೊಗೆ ಸಾರ್ವಜನಿಕ ಸ್ಥಳದಲ್ಲಿ ಚಿತ್ರ ಬರೆಯಲು ದೊರೆತ ಮೊದಲ ದೊಡ್ಡ ಅವಕಾಶ ಇದು. ಆಗ ಅವನು ಇದ್ದದ್ದು ಕಾರ್ಡಿನಲ್ ದೆಲ್ ಮೋಂತೆಯ ಆಶ್ರಯದಲ್ಲಿ, ಚರ್ಚಿಗೆ ಅಂಟಿಕೊಂಡಂತಿರುವ ಪಲಾತ್ಸೊ ಮದಾಮದಲ್ಲಿ; ಇಂದು ಆ ಅರಮನೆಯಲ್ಲಿ ಇಟಲಿಯ ಸೆನೆಟ್ ಸಭೆ ಸೇರುತ್ತದೆ.

ಎಡಗೋಡೆಯ ಚಿತ್ರದ ಮುಂದೆ ನಿಲ್ಲು. ಸುಂಕ ವಸೂಲಿಯವನಾಗಿದ್ದ ಮತ್ತಾಯನನ್ನು ಕ್ರಿಸ್ತ ತನ್ನ ಶಿಷ್ಯನಾಗಲು ಕರೆಯುವ ದೃಶ್ಯ ಅದು. ಸುಂಕದವರು ಮೇಜಿನ ಸುತ್ತ ಕುಳಿತಿದ್ದಾರೆ. ತುದಿಯಲ್ಲಿ ಕುಳಿತ ಹುಡುಗನೊಬ್ಬ ತಲೆ ತಗ್ಗಿಸಿ ನಾಣ್ಯಗಳನ್ನು ಎಣಿಸುತ್ತಿದ್ದಾನೆ. ಬಲಗಡೆಯ ಕತ್ತಲೆಯಲ್ಲಿ ಕ್ರಿಸ್ತ ಬಂದು ನಿಂತಿದ್ದಾನೆ, ಅವನ ಮುಂದೆ ಶಿಷ್ಯ ಪೇತ್ರ ಬೆನ್ನು ಹಾಕಿ ನಿಂತು ಹೆಚ್ಚುಪಾಲು ಮರೆಮಾಡಿರುವುದರಿಂದ ಕ್ರಿಸ್ತನ ಮುಖ ಮತ್ತು ಮುಂದೆ ಚಾಚಿದ ಕೈ ಇವೆರಡೇ ನಮಗೆ ದಕ್ಕುವುದು. ಆ ಕೈಯ ಮೇಲ್ಗಡೆಯಿಂದ ಬೆಳಕಿನ ಪಟ್ಟಿಯೊಂದು ಓರೆಯಾಗಿ ಹಾದು ಮೇಜಿನವರ ಮುಖಗಳ ಮೇಲೆ ಬೀಳುತ್ತದೆ. ಈಗ ಚಿತ್ರದಿಂದ ಕಣ್ಣು ತೆಗೆದು ನಿನ್ನ ಬಲಕ್ಕೆ, ಚಾಪೆಲಿನ ಬಲಿಪೀಠದ ಮೇಲ್ಭಾಗಕ್ಕೆ ನೋಡು. ಅಲ್ಲೊಂದು ನಿಜವಾದ ಕಿಟಕಿಯಿದೆ. ಚಿತ್ರದೊಳಗಿನ ಬೆಳಕು ಬರುವುದೂ ಆ ದಿಕ್ಕಿನಿಂದಲೇ. ಎದುರಿನ ಬಲಗೋಡೆಯ ಮೇಲೆ ಮತ್ತಾಯನನ್ನು ಕೊಲ್ಲುವ ದೃಶ್ಯವಿದೆ. ಅಲ್ಲಿ ಬೆಳಕು ಎಡದಿಂದ, ಎಂದರೆ ಮತ್ತೆ ಅದೇ ಕಿಟಕಿಯ ಕಡೆಯಿಂದ ಬರುತ್ತದೆ. ಆ ಕಿರಿದಾದ ಕೋಣೆಯನ್ನೂ ಅದರ ಕಿಟಕಿಯನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಅವನು ಬೆಳಕನ್ನು ಹಂಚಿದ್ದಾನೆ. ನಿನ್ನ ವಿದ್ಯಾರ್ಥಿಗಳಿಗೆ ನೆರಳು ಬೆಳಕಿನ ಪಾಠ ಮಾಡುವಾಗ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಪುಸ್ತಕದಲ್ಲಿ ಅಚ್ಚಾದ ಚಿತ್ರ ಈ ಕಿಟಕಿಯನ್ನು ತೋರಿಸಲಾರದು.

ನಡುಗೋಡೆಯ ಚಿತ್ರದ ಕಥೆಯನ್ನೂ ಹೇಳಬೇಕು, ಏಕೆಂದರೆ ಕೃತಿ ತನ್ನ ಗೋಡೆಯ ಮೇಲೆಯೇ ಉಳಿಯುವುದರ ಬೆಲೆಯ ಬಗ್ಗೆ ನಾನು ಮೇಲೆ ಹೇಳಿದ್ದಕ್ಕೆ ಅದು ನೇರವಾದ ಸಾಕ್ಷಿ. ಈಗ ಅಲ್ಲಿರುವುದು ಕಾರವಾಜೊ ಬರೆದ ಎರಡನೆಯ ಚಿತ್ರ. ದೇವದೂತ ಕೈ ಹಿಡಿದು ಸುವಾರ್ತೆಯನ್ನು ಬರೆಸುತ್ತಿರುವ, ಹಳ್ಳಿಯವನಂಥ ಮತ್ತಾಯನ ಮೊದಲ ಚಿತ್ರ ಆ ಬಲಿಪೀಠದಲ್ಲಿ ಉಳಿಯಲಿಲ್ಲ. ವಿಂಚೆಂತ್ಸೊ ಜುಸ್ತಿನಿಯಾನಿ ಎಂಬ ಶ್ರೀಮಂತ ಅದನ್ನು ಕೊಂಡ. ಮುಂದೆ ಅದು ಬರ್ಲಿನ್ನಿನ ಸಂಗ್ರಹಾಲಯವನ್ನು ಸೇರಿತು. 1945ರಲ್ಲಿ, ಯುದ್ಧದ ಕೊನೆಯ ದಿನಗಳ ಹಾವಳಿಯಲ್ಲಿ, ನಾಶವಾಯಿತು. ಇಂದು ಅದರ ಕಪ್ಪುಬಿಳುಪು ಛಾಯಾಚಿತ್ರಗಳನ್ನಷ್ಟೇ ನೋಡಬಹುದು. ಚಾಪೆಲಿನಲ್ಲಿ ನೆಲೆಯೂರಿದ ಮೂರು ಚಿತ್ರಗಳು ನಾಲ್ಕು ಶತಮಾನಗಳನ್ನು ದಾಟಿ ನಿನಗಾಗಿ ಕಾದಿವೆ.

ಚಾಪೆಲಿನ ಪಕ್ಕದಲ್ಲಿ ನಾಣ್ಯ ಹಾಕುವ ಸಣ್ಣ ಪೆಟ್ಟಿಗೆಯಿದೆ. ನಾಣ್ಯ ಹಾಕಿದರೆ ದೀಪ ಹೊತ್ತಿ, ಸ್ವಲ್ಪ ಹೊತ್ತಿನ ಮೇಲೆ ಆರುತ್ತದೆ. ಯಾರಾದರೊಬ್ಬರು ಹಾಕುತ್ತಲೇ ಇರುವುದರಿಂದ ಹಾಕಲೇಬೇಕೆಂಬ ಕಟ್ಟುಪಾಡಿಲ್ಲ, ಆದರೂ ಹಾಕು. ದೀಪ ಆರಿದ ಮೇಲೆ ಜನ ತಿರುಗಿ ಹೊರಟುಬಿಡುತ್ತಾರೆ. ನೀನು ಮಾತ್ರ ಹಾಗೆಯೇ ನಿಂತಿರು. ಕಣ್ಣು ಮಬ್ಬಿಗೆ ಹೊಂದಿಕೊಂಡಂತೆ ಮೊದಲು ಕ್ರಿಸ್ತನ ಕೈ, ಆಮೇಲೆ ಮೇಜಿನ ಅಂಚು, ಆಮೇಲೆ ಗಡ್ಡದವನ ಮುಖ ಒಂದೊಂದಾಗಿ ಮೂಡಿ ಬರುತ್ತವೆ. ವಿದ್ಯುತ್ತಿಲ್ಲದ ಕಾಲದವರು ಈ ಚಿತ್ರವನ್ನು ನೋಡಿದ್ದು ಹೀಗೆ.

ಅಲ್ಲಿಂದ ಐದು ನಿಮಿಷದ ನಡಿಗೆಯಲ್ಲಿ ಸಾಂತ್ ಅಗೋಸ್ತಿನೊ ಚರ್ಚಿದೆ. ಎಡಗಡೆಯ ಮೊದಲ ಚಾಪೆಲಿನಲ್ಲಿ ಕಾರವಾಜೊನ ಇನ್ನೊಂದು ಚಿತ್ರ: ಕನ್ಯೆ ಮರಿಯ ಮಗುವನ್ನು ಎತ್ತಿಕೊಂಡು, ಯಾವುದೋ ಸಾಮಾನ್ಯ ಮನೆಯ ಹೊಸ್ತಿಲಲ್ಲಿ ಬಾಗಿಲವಾಡಕ್ಕೆ ಒರಗಿ ನಿಂತಿದ್ದಾಳೆ, ಮುಂದೆ ಮುದುಕ ಮುದುಕಿ ಇಬ್ಬರು ಯಾತ್ರಿಕರು ಮೊಣಕಾಲೂರಿ ಕೈ ಮುಗಿದಿದ್ದಾರೆ. ಮುದುಕನ ಬರಿಗಾಲಿನ ಅಂಗಾಲು, ದಾರಿಯ ಕೆಸರು ಮೆತ್ತಿಕೊಂಡು, ಸರಿಯಾಗಿ ನಮ್ಮ ಕಣ್ಣಿನ ಎದುರಿಗೆ ಬರುತ್ತದೆ. ದೇವರ ಚಿತ್ರದಲ್ಲಿ ಕೊಳೆಗಾಲೇ ಎಂದು ಆ ಕಾಲದಲ್ಲಿ ಗದ್ದಲವಾಗಿತ್ತು. ಹರಕೆ ಹೊತ್ತು ನಡೆದು ಬಂದವರ ಕಾಲನ್ನು ಕಂಡು ಬೆಳೆದ ನಮಗೆ ಆ ಅಂಗಾಲಿನಷ್ಟು ಪವಿತ್ರವಾದದ್ದು ಆ ಚಿತ್ರದಲ್ಲಿ ಬೇರೊಂದಿಲ್ಲ ಎನ್ನಿಸುತ್ತದೆ. ಅದೇ ಚರ್ಚಿನ ಬಾಗಿಲ ಬಳಿ ಸಾನ್ಸೊವಿನೊ ಕೆತ್ತಿದ ತಾಯಿ ಮಗುವಿನ ಅಮೃತಶಿಲೆಯ ಮೂರ್ತಿಯಿದೆ. ಸುಖವಾದ ಹೆರಿಗೆಗಾಗಿ ರೋಮಿನ ಹೆಂಗಸರು ಇಂದಿಗೂ ಅಲ್ಲಿ ಹರಕೆ ಹೊರುತ್ತಾರೆ. ಅತ್ತಿಗೆಯವರಿಗೆ ಇದು ಇಷ್ಟವಾಗುತ್ತದೆಂದು ತೋರುತ್ತದೆ.

ಕಾರವಾಜೊನ ಇನ್ನೆರಡು ಚಿತ್ರಗಳು ನಗರದ ಉತ್ತರದ ಹೆಬ್ಬಾಗಿಲಿನ ಪಕ್ಕದಲ್ಲಿರುವ ಸಾಂತ ಮರಿಯ ದೆಲ್ ಪೋಪೊಲೊದಲ್ಲಿವೆ. ಒಂದರಲ್ಲಿ ಕುದುರೆಯೇ ಹೆಚ್ಚಿನ ಜಾಗವನ್ನು ತುಂಬಿ, ಪೌಲ ಅದರ ಕಾಲ ಬಳಿ ಅಂಗಾತ ಬಿದ್ದಿದ್ದಾನೆ. ಇನ್ನೊಂದರಲ್ಲಿ ಪೇತ್ರನನ್ನು ತಲೆಕೆಳಗಾಗಿ ಶಿಲುಬೆಗೆ ಏರಿಸುತ್ತಿರುವ ಕೂಲಿಗಳು ಭಾರಕ್ಕೆ ಮುಲುಕುತ್ತಿದ್ದಾರೆ. ಅದೇ ಚರ್ಚಿನಲ್ಲಿ ರಫೇಲ್ ಯೋಜಿಸಿದ ಚಾಪೆಲ್ ಒಂದಿದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನೀನೇ ನೋಡು.

ಬೆಳಕಿನ ವಿಚಾರ ಬಂದದ್ದರಿಂದ ಶಿಲ್ಪಿ ಬರ್ನೀನಿಯ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಸಾಂತ ಮರಿಯ ದೆಲ್ಲ ವಿಟ್ಟೋರಿಯ ಎಂಬ ಪುಟ್ಟ ಚರ್ಚಿನಲ್ಲಿ ಅವನು 1647ರಿಂದ 1652ರವರೆಗೆ ಸ್ಪೇನಿನ ಸಂತ ತೆರೇಸಳ ಶಿಲ್ಪವನ್ನು ಮಾಡಿದ. ಭಕ್ತಿಯ ಪರವಶತೆಯಲ್ಲಿ ಮೈಮರೆತ ಸನ್ಯಾಸಿನಿ, ಬಾಣ ಹಿಡಿದ ದೇವದೂತ, ಇಬ್ಬರ ಹಿಂದೆ ಚಿನ್ನದ ಲೇಪದ ಕಿರಣಗಳು. ಮೇಲ್ಗಡೆ, ನಾವು ನಿಂತಲ್ಲಿಗೆ ಕಾಣದ ಹಾಗೆ, ಬರ್ನೀನಿ ಒಂದು ಕಿಟಕಿಯನ್ನು ಮರೆಮಾಡಿ ಇಟ್ಟಿದ್ದಾನೆ. ಹೊರಗಿನ ಹಗಲು ಆ ಕಿರಣಗಳ ಮೇಲೆ ಇಳಿದು, ಶಿಲ್ಪಕ್ಕೆ ತನ್ನದೇ ಆದ ಬೆಳಕಿದೆಯೆಂಬ ಭಾವನೆ ಬರುತ್ತದೆ. ಮೋಡ ಸರಿದಾಗ ಕಿರಣಗಳ ಬಣ್ಣ ಬದಲಾಗುವುದನ್ನು ಕಾಣಬೇಕಾದರೆ ಅಲ್ಲಿ ಸ್ವಲ್ಪ ಹೊತ್ತು ಕುಳಿತಿರಬೇಕು. ಕೂರಲು ಬೆಂಚುಗಳಿವೆ, ಯಾರೂ ಎಬ್ಬಿಸುವುದಿಲ್ಲ. ಟಿಕೆಟ್ ಕೊಂಡು, ಸಮಯ ಗೊತ್ತುಮಾಡಿಕೊಂಡು ಒಳಹೋಗುವ ಜಾಗಗಳಲ್ಲಿ ನನಗೆ ಹೀಗೆ ಕಾಯುವ ಮನಸ್ಸೇ ಬರುವುದಿಲ್ಲ. ಕೊಟ್ಟ ಹಣಕ್ಕೆ ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಆತುರ ಕಾಲನ್ನು ಎಳೆಯುತ್ತದೆ.

ಯೇಸುಸಭೆಯ (ಜೆಸ್ಯೂಟ್) ಪಾದ್ರಿಗಳ ಎರಡು ಚರ್ಚುಗಳನ್ನು ಒಂದೇ ದಿನ ಮಧ್ಯಾಹ್ನದ ನಂತರ ನೋಡಬಹುದು. ಸಾಂತ್ ಇಗ್ನಾತ್ಸಿಯೊದಲ್ಲಿ ಆಂದ್ರೆಯಾ ಪೋತ್ಸೊ ಚಪ್ಪಟೆಯಾದ ಕ್ಯಾನ್ವಾಸಿನ ಮೇಲೆ ಗುಮ್ಮಟವೊಂದನ್ನು ಬರೆದಿದ್ದಾನೆ. ನಿಜವಾದ ಗುಮ್ಮಟವನ್ನು ಕಟ್ಟಲಾಗದ ಜಾಗದಲ್ಲಿ 1685ರಲ್ಲಿ ಇದನ್ನು ಏರಿಸಿದರು. ನಡುಭಾಗದ ಚಾವಣಿಯ ಮೇಲೂ ಅವನದೇ ಚಿತ್ರ: ಗೋಡೆಗಳು ಚಾವಣಿಯನ್ನು ಸೀಳಿಕೊಂಡು ಆಕಾಶಕ್ಕೆ ಬೆಳೆದಂತೆ, ಕಂಬಗಳ ನಡುವೆ ಜನ ತೇಲುತ್ತಿರುವಂತೆ. ನೆಲದಲ್ಲಿ ದುಂಡಗಿನ ಅಮೃತಶಿಲೆಯ ಬಿಲ್ಲೆ ಇದೆ. ಅದರ ಮೇಲೆ ನಿಂತಾಗ ಎಲ್ಲ ಗೆರೆಗಳೂ ಸೆಟೆದು ನೇರವಾಗುತ್ತವೆ. ಅಲ್ಲಿಂದ ಬಲಿಪೀಠದ ಕಡೆಗೆ ನಡೆಯುತ್ತಾ ಹೋದಂತೆ ಆ ಕಂಬಗಳು ವಾಲತೊಡಗಿ, ಗುಮ್ಮಟ ಒಂದು ಬದಿಗೆ ಕುಸಿದಂತಾಗಿ, ಕೊನೆಗೆ ಬಣ್ಣ ಬಳಿದ ಚಪ್ಪಟೆ ಬಟ್ಟೆಯಾಗಿ ಉಳಿಯುತ್ತದೆ. ಈಗ ಅಲ್ಲಿ ದೊಡ್ಡ ಕನ್ನಡಿಯೊಂದನ್ನಿಟ್ಟಿದ್ದಾರೆ. ಅದರಲ್ಲಿ ಚಾವಣಿಯ ಜೊತೆ ತಮ್ಮ ಮುಖವನ್ನೂ ಸೆರೆಹಿಡಿಯಲು ಜನ ಸಾಲುಗಟ್ಟಿ ನಿಲ್ಲುತ್ತಾರೆ. ಆ ಸಾಲಿಗೆ ಸೇರಬೇಡ. ಕತ್ತು ನೋಯುವಷ್ಟು ಹೊತ್ತು ಬಿಲ್ಲೆಯ ಮೇಲೆ ನಿಂತು ನೋಡುವುದೇ ಸರಿ.

ಸಂಜೆ ಐದೂವರೆಗೆ ಸರಿಯಾಗಿ ಅವರ ಇನ್ನೊಂದು ಚರ್ಚಾದ ಜೆಸುವಿನಲ್ಲಿರು. ಚರ್ಚಿನ ಎಡಕ್ಕೆ ಚಾಚಿದ ತೋಳಿನಂಥ ಭಾಗದಲ್ಲಿ, ಆ ಸಭೆಯ ಸ್ಥಾಪಕ ಸಂತ ಇಗ್ನಾಸಿಯ ಸಮಾಧಿಯ ಮೇಲೆ ದೊಡ್ಡ ವರ್ಣಚಿತ್ರವಿದೆ. ಸಂಗೀತ ಕೇಳಿಬರುತ್ತಿರುವಂತೆಯೇ ಆ ಚಿತ್ರ ಮೆಲ್ಲಗೆ ಕೆಳಕ್ಕೆ ಸರಿದು, ಹಿಂದಿನ ಗೂಡಿನಲ್ಲಿ ನಿಂತ ಸಂತನ ಬೆಳ್ಳಿಯಂತೆ ಹೊಳೆಯುವ ಮೂರ್ತಿ ಕಾಣಿಸಿಕೊಳ್ಳುತ್ತದೆ. ಪೋತ್ಸೊನೇ ಯೋಜಿಸಿದ ಬಲಿಪೀಠದ ಈ ಯಂತ್ರ ಈಗಲೂ ದಿನಾ ನಡೆಯುತ್ತದೆ, ನೋಡಲು ಕಾಸಿಲ್ಲ. ಅದು ಮುಗಿದ ಮೇಲೆ ಎದುರಿನ ಬಲತೋಳಿಗೆ ನಡೆ. ಗೋವೆಯ ಬೋಮ್ ಜೀಸಸ್ ಚರ್ಚಿನಲ್ಲಿ ನಾವು ಕಾಲೇಜಿನ ದಿನಗಳಲ್ಲಿ ನೋಡಿದ ಫ್ರಾನ್ಸಿಸ್ ಝೇವಿಯರನ ಬೆಳ್ಳಿಯ ಪೆಟ್ಟಿಗೆ ನಿನಗೆ ನೆನಪಿರಬೇಕು. ಅದರೊಳಗಿನ ದೇಹದ ಬಲಗೈಯನ್ನು 1614ರಲ್ಲಿ ಬೇರ್ಪಡಿಸಿ ಇಲ್ಲಿಗೆ ತಂದರು. ಈ ಬಲಿಪೀಠದ ಮೇಲಿನ ಕರಂಡದಲ್ಲಿರುವುದು ಅದೇ. ನಮ್ಮ ಕರಾವಳಿಯ ಮಗ್ಗುಲಲ್ಲಿ ನಡೆದ ಬದುಕಿನ ಒಂದು ತುಣುಕು ಇಲ್ಲಿದೆ ಎಂಬುದು ನನ್ನನ್ನು ಪ್ರತಿ ಸಲವೂ ಅಲ್ಲಿ ತಡೆದು ನಿಲ್ಲಿಸುತ್ತದೆ.

ಮೈಕೆಲ್ಯಾಂಜೆಲೊ ಕೆತ್ತಿದ ಪ್ರವಾದಿ ಮೋಶೆಯ ಮೂರ್ತಿಗೂ ಟಿಕೆಟ್ಟಿಲ್ಲ. ಕೊಲೋಸಿಯಮ್ಮಿಗೆ ಹತ್ತಿರದ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ, ಎರಡನೆಯ ಜೂಲಿಯಸ್ ಪೋಪನ ಸ್ಮಾರಕದ ನಡುವೆ ಅವನು ಕುಳಿತಿದ್ದಾನೆ. ನಾಲ್ವತ್ತು ಮೂರ್ತಿಗಳ ಮಹಾಸಮಾಧಿಯಾಗಬೇಕೆಂದು ಹೊರಟ ಯೋಜನೆ ದಶಕಗಟ್ಟಲೆ ಎಳೆದಾಡಿ, ಕುಗ್ಗಿ, 1545ರಲ್ಲಿ ಈಗಿನ ರೂಪಕ್ಕೆ ಬಂದು ನಿಂತಿತು. ಗಡ್ಡದ ಎಳೆಗಳಲ್ಲಿ ಹೂತುಹೋದ ಬೆರಳುಗಳನ್ನೂ, ಮೊಣಕೈಯ ಕೆಳಗೆ ಉಬ್ಬಿದ ನರವನ್ನೂ ನೋಡು. ಅಲ್ಲಿ ಕಲ್ಲನ್ನು ಕಾಣುವುದೇ ಕಷ್ಟ. ಇಲ್ಲಿಂದ ದೂರವಿಲ್ಲದ ಸಾಂತ ಪ್ರಾಸ್ಸೆದೆ ಎಂಬ ಚರ್ಚನ್ನು ಪ್ರವಾಸಿಗರು ಬಹುಮಟ್ಟಿಗೆ ಮರೆತೇ ಬಿಡುತ್ತಾರೆ. 9ನೆಯ ಶತಮಾನದಲ್ಲಿ ಮೊದಲನೆಯ ಪಾಸ್ಕಲ್ ಪೋಪ್ ಮಾಡಿಸಿದ ಗಾಜಿನ ಹರಳುಗಳ ಚಿತ್ರಗಳು ಬಲಿಪೀಠದ ಹಿಂಗೋಡೆಯನ್ನೂ ಪಕ್ಕದ ಚಾಪೆಲೊಂದರ ಚಾವಣಿಯನ್ನೂ ಮುಚ್ಚಿವೆ. ಸಂತರ ತಲೆಯ ಹಿಂದೆ ದುಂಡು ಪ್ರಭಾವಳಿ, ಪಾಸ್ಕಲನ ತಲೆಯ ಹಿಂದೆ ಚೌಕಾಕಾರದ್ದು. ಚಿತ್ರ ಮಾಡುವಾಗ ಅವನು ಇನ್ನೂ ಬದುಕಿದ್ದನೆಂಬುದಕ್ಕೆ ಅದು ಗುರುತು.

ವ್ಯಾಟಿಕನ್ನಿನ ಸಂತ ಪೇತ್ರರ ಮಹಾದೇವಾಲಯಕ್ಕೂ ಪ್ರವೇಶ ಉಚಿತ. ಕೊಡಬೇಕಾದದ್ದು ಸಮಯ: ಭದ್ರತಾ ತಪಾಸಣೆಯ ಸಾಲು ಹಗಲೇರಿದಂತೆ ಚೌಕದ ಅರ್ಧವನ್ನು ಸುತ್ತುತ್ತದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗು. ಒಳಗೆ ಕಾಲಿಟ್ಟೊಡನೆ ಬಲಕ್ಕೆ ಮೈಕೆಲ್ಯಾಂಜೆಲೊನ ಪಿಯೆತಾ ಇದೆ, ಮಡಿದ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿ. 1499ರಲ್ಲಿ, ಇಪ್ಪತ್ತೈದು ತುಂಬುವುದರೊಳಗೆ, ಅವನು ಅದನ್ನು ಮುಗಿಸಿದ್ದ. ಅವನು ತನ್ನ ಹೆಸರು ಕೆತ್ತಿದ್ದು ಅದೊಂದರ ಮೇಲೆಯೇ, ತಾಯಿಯ ಎದೆಯ ಮೇಲೆ ಹಾದ ಪಟ್ಟಿಯಲ್ಲಿ. 1972ರಲ್ಲಿ ಒಬ್ಬಾತ ಸುತ್ತಿಗೆಯಿಂದ ಹೊಡೆದು ಮೂರ್ತಿಯನ್ನು ಭಗ್ನಗೊಳಿಸಿದ ಮೇಲೆ ಗಾಜಿನ ಹಿಂದಿದೆ. ಗುಮ್ಮಟ ಹತ್ತಲು ಮಾತ್ರ ಟಿಕೆಟ್ ಬೇಕು. ಮೊಣಕಾಲು ಗಟ್ಟಿಯಿದ್ದರೆ ಹತ್ತು, ಇಲ್ಲದಿದ್ದರೆ ಕೊರತೆಯೇನಿಲ್ಲ. ಹೊರಗಿನ ಚೌಕದಲ್ಲಿ ಬರ್ನೀನಿಯ 284 ಕಂಬಗಳು ನಾಲ್ಕು ಸಾಲಾಗಿ ಬಾಗಿ ನಿಂತಿವೆ. ಈಜಿಪ್ಟಿನಿಂದ ಬಂದ ನಡುವಿನ ಕಲ್ಲುಸ್ತಂಭಕ್ಕೂ ಎರಡು ಬದಿಯ ಕಾರಂಜಿಗಳಿಗೂ ಮಧ್ಯೆ ನೆಲದಲ್ಲಿ ಒಂದೊಂದು ದುಂಡು ಕಲ್ಲಿನ ಗುರುತಿದೆ. ಆ ಗುರುತಿನ ಮೇಲೆ ನಿಂತು ಹತ್ತಿರದ ಕಂಬಸಾಲನ್ನು ನೋಡಿದರೆ ನಾಲ್ಕು ಸಾಲೂ ಒಂದರ ಹಿಂದೊಂದು ಅಡಗಿ ಒಂದೇ ಸಾಲಾಗಿ ನಿಲ್ಲುತ್ತದೆ. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಕಂಬಗಳ ಕಾಡು ಮತ್ತೆ ಬಿಚ್ಚಿಕೊಳ್ಳುತ್ತದೆ.

ಹೆಚ್ಚಿನ ಚರ್ಚುಗಳು ಮಧ್ಯಾಹ್ನ ಸುಮಾರು ಹನ್ನೆರಡೂವರೆಯಿಂದ ಮೂರರವರೆಗೆ ಮುಚ್ಚಿರುತ್ತವೆ. ಆ ಹೊತ್ತನ್ನು ಬೀದಿಗೂ ಚೌಕಗಳಿಗೂ ಇಟ್ಟುಕೋ. ಪಿಯಾತ್ಸಾ ನವೋನದ ಉದ್ದನೆಯ ಆಕಾರ ಆಕಸ್ಮಿಕವಲ್ಲ. 1ನೆಯ ಶತಮಾನದಲ್ಲಿ ಡೊಮಿಶಿಯನ್ ಚಕ್ರವರ್ತಿ ಕಟ್ಟಿಸಿದ ಓಟದ ಕ್ರೀಡಾಂಗಣದ ಅಂಚಿನ ಮೇಲೆಯೇ ಈಗಿನ ಮನೆಗಳು ನಿಂತಿವೆ. ನಡುವೆ ಬರ್ನೀನಿಯ 1651ರ ಕಾರಂಜಿ, ನಾಲ್ಕು ಭೂಖಂಡಗಳ ನಾಲ್ಕು ನದಿಗಳು: ಡ್ಯಾನ್ಯೂಬ್, ನೈಲ್, ದಕ್ಷಿಣ ಅಮೆರಿಕದ ಪ್ಲಾತಾ, ಏಷ್ಯಾದ ಪರವಾಗಿ ನಮ್ಮ ಗಂಗೆ. ಶಿಲ್ಪಿಗಳು ಗಂಗೆಯನ್ನು ಗಡ್ಡಧಾರಿಯಾದ ದೃಢಕಾಯನನ್ನಾಗಿ ಕೆತ್ತಿದ್ದಾರೆ. ದೋಣಿ ನಡೆಯುವ ನದಿ ಎಂಬುದಕ್ಕೆ ಕೈಯಲ್ಲಿ ಉದ್ದನೆಯ ಹುಟ್ಟು ಕೊಟ್ಟಿದ್ದಾರೆ. ಮೂಲ ಯಾವುದೆಂದು ಆಗ ತಿಳಿದಿರದ ನೈಲ್ ನದಿಯ ಮುಖಕ್ಕೆ ಬಟ್ಟೆ ಮುಚ್ಚಿದೆ. ಗಂಗಾಮಾತೆ ಎಂದು ಕೈ ಮುಗಿಯುವ ನಮ್ಮ ಕಣ್ಣಿಗೆ ಈ ಗಂಗೆ ಅಪರಿಚಿತ. ಹಾಗಿದ್ದರೂ, ಗಂಗೆಯನ್ನು ಕಂಡಿರದ ಕೈಗಳು ಆಕೆಗೆ ಜಗತ್ತಿನ ಮಹಾನದಿಗಳ ನಡುವೆ ಜಾಗ ಕೊಟ್ಟದ್ದನ್ನು ನೋಡಿ ನನಗೆ ಸಂತೋಷವಾಗುತ್ತದೆ.

ನೀರಿನ ಬಾಟಲಿಗೆಂದು ಇಲ್ಲಿ ಹಣ ಖರ್ಚು ಮಾಡಬೇಡ. ಬೀದಿ ಬೀದಿಯಲ್ಲೂ ನಾಸೊನೆ ಎಂದು ಕರೆಯುವ ಎರಕದ ಕಬ್ಬಿಣದ ಕಂಬಗಳಿವೆ. 1874ರಲ್ಲಿ ನಗರಸಭೆ ನೆಡಲು ಆರಂಭಿಸಿದ ಇವು ಇಂದು ಸುಮಾರು 2,500 ಇವೆ, ಹಗಲಿರುಳೂ ತಣ್ಣನೆಯ ಕುಡಿಯುವ ನೀರು ಸುರಿಯುತ್ತಲೇ ಇರುತ್ತದೆ. ಕೊಳವೆಯ ಬಾಗಿದ ಮೇಲ್ಭಾಗದಲ್ಲಿ ಸಣ್ಣ ತೂತಿದೆ. ಕೆಳಗಿನ ಬಾಯಿಯನ್ನು ಬೆರಳಿನಿಂದ ಒತ್ತಿ ಮುಚ್ಚಿದರೆ ನೀರು ಆ ತೂತಿನಿಂದ ಕಮಾನಾಗಿ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಇಲ್ಲಿಯ ಮಕ್ಕಳು ನಡೆಯಲು ಕಲಿತ ಹೊಸತರಲ್ಲೇ ಇದನ್ನೂ ಕಲಿಯುತ್ತಾರೆ. ಟ್ರೆವಿ ಕಾರಂಜಿಯ ನೀರಿಗಂತೂ ಎರಡು ಸಾವಿರ ವರ್ಷಗಳ ಇತಿಹಾಸವಿದೆ: ಕ್ರಿ.ಪೂ. 19ರಲ್ಲಿ ರೋಮನ್ ಸೇನಾನಿ ಅಗ್ರಿಪ್ಪ ನಗರಕ್ಕೆ ತಂದ ಅಕ್ವಾ ವಿರ್ಗೊ ಕಾಲುವೆಯೇ, ಮತ್ತೆ ಮತ್ತೆ ದುರಸ್ತಿಯಾಗುತ್ತಾ, 1762ರಲ್ಲಿ ಪೂರ್ಣಗೊಂಡ ಈ ಕಾರಂಜಿಗೆ ಹರಿದು ಬಂದಿತು. ಸ್ಪೇನ್ ಮೆಟ್ಟಿಲುಗಳ ಬುಡದಲ್ಲಿರುವ ದೋಣಿಯಾಕಾರದ ಕಾರಂಜಿಗೂ ಅದೇ ನೀರು. ಅಲ್ಲಿ ಒತ್ತಡ ಕಡಿಮೆಯಾದ್ದರಿಂದ ನೀರನ್ನು ಎತ್ತರಕ್ಕೆ ಚಿಮ್ಮಿಸಲಾಗದೆ, ಬರ್ನೀನಿಯ ತಂದೆ ಪಿಯೆತ್ರೊ ಅರ್ಧ ಮುಳುಗಿದ ದೋಣಿಯೊಂದನ್ನು ನೆಲಮಟ್ಟಕ್ಕಿಂತ ಕೆಳಗೆ ಕೆತ್ತಿ ಅದರಿಂದ ನೀರು ತುಳುಕುವಂತೆ ಮಾಡಿದ. ಆ ಮೆಟ್ಟಿಲುಗಳ ಮೇಲೆ ಕೂರಬೇಡ. 2019ರಿಂದ ಅದಕ್ಕೆ ದಂಡವಿದೆ. ಟ್ರೆವಿಯಲ್ಲಿಯೂ ನೀರಿನ ಅಂಚಿಗೆ ನುಗ್ಗಬೇಕಾಗಿಲ್ಲ, ಮೇಲಿನ ಚೌಕದಿಂದಲೇ ಇಡೀ ಕಾರಂಜಿ ಚೆನ್ನಾಗಿ ಕಾಣುತ್ತದೆ.

ಪ್ರಾಚೀನ ರೋಮನ್ನು ನೋಡಲು ಕಾಂಪಿದೊಲ್ಯೊ ಗುಡ್ಡವನ್ನು ಹತ್ತು. ಮೈಕೆಲ್ಯಾಂಜೆಲೊ ರೂಪಿಸಿದ ಚೌಕವನ್ನು ದಾಟಿ, ನಗರಸಭೆಯ ಕಟ್ಟಡದ ಪಕ್ಕಕ್ಕೆ ಸರಿದರೆ ಕೆಳಗೆ ಪ್ರಾಚೀನ ನಗರದ ಸಾರ್ವಜನಿಕ ಕೇಂದ್ರವಾಗಿದ್ದ ಇಡೀ ಫೋರಂ ಹಾಸಿಕೊಂಡಿರುತ್ತದೆ: ಸೆಪ್ಟಿಮಿಯಸ್ ಸೆವೆರಸನ ಕಮಾನು, ರೋಮನ್ನರ ಸ್ಯಾಟರ್ನ್ ದೇವರ ಗುಡಿಯ ಉಳಿದ ಎಂಟು ಕಂಬಗಳು, ದೂರದಲ್ಲಿ ಕೊಲೋಸಿಯಮ್. ಸೂರ್ಯ ನಮ್ಮ ಬೆನ್ನ ಹಿಂದೆ ಇಳಿಯುವ ಹೊತ್ತಿಗೆ ಕಲ್ಲಿನ ಬಣ್ಣ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಫೋರಮ್ಮಿನ ಒಳಗೆ ನಡೆದಾಡುವಾಗ ಯಾವ ಕಲ್ಲು ಯಾವ ಕಟ್ಟಡದ್ದೆಂದು ತಿಳಿಯದೆ ಗೊಂದಲವಾಗುತ್ತದೆ. ಮೇಲಿನಿಂದ ನೋಡಿದಾಗ ಬೀದಿ, ಗುಡಿ, ಸಭಾಂಗಣಗಳ ಜೋಡಣೆ ಅರ್ಥವಾಗುತ್ತದೆ. ಗುಡ್ಡ ಇಳಿದು ಬಂದರೆ ರಸ್ತೆಯ ಬದಿಯಲ್ಲೇ ಟ್ರೇಜನ್ ಚಕ್ರವರ್ತಿಯ ಸ್ತಂಭ. ಕ್ರಿ.ಶ. 113ರಲ್ಲಿ ನಿಲ್ಲಿಸಿದ ಇದರ ಮೈಗೆ ಡೇಸಿಯಾ ಎಂಬ ನಾಡನ್ನು ಗೆದ್ದ ಯುದ್ಧದ ಕಥೆಯ ಸುಮಾರು 200 ಮೀಟರ್ ಉದ್ದದ ಉಬ್ಬುಶಿಲ್ಪದ ಪಟ್ಟಿ ಸುರುಳಿಯಾಗಿ ಸುತ್ತಿದೆ. ಒಂದು ದುರ್ಬೀನು ತಂದರೆ ಇಲ್ಲಿಯೂ ಚರ್ಚುಗಳ ಚಾವಣಿಗೂ ಉಪಯೋಗವಾಗುತ್ತದೆ. ಕೆಳಗಿನ ಸುತ್ತುಗಳಲ್ಲಿ ಸೈನಿಕರು ನದಿ ದಾಟುವುದು, ಮರ ಕಡಿದು ಕೋಟೆ ಕಟ್ಟುವುದು ಬರಿಗಣ್ಣಿಗೇ ಕಾಣುತ್ತದೆ.

ಇನ್ನು ದುಡ್ಡು ಕೊಡಬೇಕಾದ ಜಾಗಗಳ ಮಾತು. ಪ್ಯಾಂಥಿಯನ್ ಎಂಬ ಪ್ರಾಚೀನ ಗುಡಿಗೆ 2023ರ ಜುಲೈನಿಂದ ಟಿಕೆಟ್ ಇಟ್ಟಿದ್ದಾರೆ, ಆರಂಭದಲ್ಲಿ ಅದು 5 ಯೂರೊ ಇತ್ತು. ಅದನ್ನು ಕೊಟ್ಟು ನೋಡು, ಅದರಲ್ಲಿ ಎರಡನೆಯ ಮಾತಿಲ್ಲ. 43 ಮೀಟರ್ ಅಗಲ, ಅಷ್ಟೇ ಎತ್ತರ, ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ದುಂಡು ಕಿಂಡಿ. ಬಿಸಿಲಿನ ಬಿಲ್ಲೆ ಗೋಡೆಯ ಮೇಲೆ ಸರಿಯುವುದನ್ನು ನೋಡಲು ಆ ಹಣ ಹೆಚ್ಚಲ್ಲ. ಸರ್ಕಾರಿ ಸ್ಮಾರಕಗಳಿಗೆ ಪ್ರತಿ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಕೊಲೋಸಿಯಮ್ಮಿಗೂ ಸಹ. ವ್ಯಾಟಿಕನ್ ಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರ ಬೆಳಗಿನ ಹೊತ್ತು ಉಚಿತ. ಆದರೆ ಆ ದಿನಗಳ ನೂಕುನುಗ್ಗಲಿನಲ್ಲಿ ಸಿಸ್ಟೀನ್ ಚಾಪೆಲಿನ ಚಾವಣಿಯನ್ನು ನೋಡುವುದು ಕಲಾವಿದನಾದ ನಿನಗೆ ಸಮಾಧಾನ ಕೊಡುವುದಿಲ್ಲ. ನನ್ನ ಸಲಹೆ ಇಷ್ಟು: ವ್ಯಾಟಿಕನ್ನಿಗೆ ವಾರದ ದಿನವೊಂದರಲ್ಲಿ ಪೂರ್ತಿ ಹಣ ಕೊಟ್ಟು ಹೋಗು, ಕೊಲೋಸಿಯಮ್ಮನ್ನು ಹೊರಗಿನಿಂದ ಸುತ್ತು ಹಾಕಿ ನೋಡು. ಅದರ ಹೊರಗೋಡೆಯ ಕಮಾನುಗಳ ಮೂರು ಅಂತಸ್ತುಗಳೇ ಕಟ್ಟಡದ ಮುಖ್ಯ ವಿದ್ಯೆ. ಅದು ಬೀದಿಯಿಂದಲೇ ಪೂರ್ತಿ ದಕ್ಕುತ್ತದೆ.

ಕೆಲವು ಸಣ್ಣ ವಿಷಯಗಳು. ಚರ್ಚಿಗೆ ಹೋಗುವಾಗ ಭುಜ ಮೊಣಕಾಲು ಮುಚ್ಚುವ ಬಟ್ಟೆಯಿರಲಿ. ಅತ್ತಿಗೆಯವರ ಸೀರೆಗೆ ಯಾರೂ ಏನೂ ಅನ್ನುವುದಿಲ್ಲ. ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕುಳಿತು ಕಾಯಬೇಕು, ಚಾಪೆಲುಗಳ ಕಡೆಗೆ ಓಡಾಡಬಾರದು. ದೀಪದ ಪೆಟ್ಟಿಗೆಗೆಂದು ಚಿಲ್ಲರೆ ನಾಣ್ಯಗಳನ್ನು ಜೇಬಿನಲ್ಲಿಟ್ಟುಕೋ. ಮಧ್ಯಾಹ್ನ ಹನ್ನೆರಡಕ್ಕೆ ಜನಿಕೊಲೊ ದಿಬ್ಬದ ಮೇಲಿದ್ದರೆ ಫಿರಂಗಿಯ ಸದ್ದು ಕೇಳುತ್ತೀಯೆ. ನಗರದ ಚರ್ಚುಗಳೆಲ್ಲ ಒಂದೇ ಸಮಯಕ್ಕೆ ಗಂಟೆ ಬಾರಿಸಲೆಂದು 1847ರಲ್ಲಿ ಬೇರೊಂದು ಕೋಟೆಯಿಂದ ಆರಂಭವಾದ ಈ ಪದ್ಧತಿ 1904ರಿಂದ ಈ ದಿಬ್ಬದ ಮೇಲೆ ನಡೆದುಬಂದಿದೆ. ಫಿರಂಗಿಯ ಮುಂದೆಯೇ ಇಡೀ ಊರಿನ ಗುಮ್ಮಟಗಳ ನೋಟವಿದೆ.

ಬರುವ ದಿನಾಂಕ ಗೊತ್ತಾದ ಕೂಡಲೇ ಬರೆ. ನಿಮ್ಮ ದಿನಗಳ ನಡುವೆ ಭಾನುವಾರವೊಂದು ಸಿಕ್ಕರೆ ಅದನ್ನು ಆಪ್ಪಿಯ ಹೆದ್ದಾರಿಗೆ ಮೀಸಲಿಡೋಣ. ಕ್ರಿ.ಪೂ. 312ರಲ್ಲಿ ಹಾಕಿದ ಆ ರಸ್ತೆಯಲ್ಲಿ ಅಂದು ವಾಹನಗಳ ಕಾಟವಿರುವುದಿಲ್ಲ. ರಥದ ಗಾಲಿಗಳು ಸವೆಸಿದ ಕಪ್ಪು ಕಲ್ಲುಗಳ ಮೇಲೆ, ಎರಡೂ ಬದಿಯ ಗೋರಿಗಳನ್ನೂ ಪೈನ್ ಮರಗಳನ್ನೂ ನೋಡುತ್ತಾ ಗಂಟೆಗಟ್ಟಲೆ ನಡೆಯಬಹುದು. ಬುತ್ತಿ ನಾನು ಕಟ್ಟಿಕೊಂಡು ಬರುತ್ತೇನೆ. ನೀನು ಗಟ್ಟಿ ಅಟ್ಟೆಯ ಬೂಟುಗಳನ್ನೂ ಚಿತ್ರ ಬರೆಯುವ ಪುಸ್ತಕವನ್ನೂ ಮರೆಯದೆ ತಾ. ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ
ಗೆಳೆಯ